ಕರಿ ಪರದೆಯ ಮೇಲೆ ಕೈ ಕುದುರುವುದು ಹೀಗೆ

ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಅಕ್ಕನ ಮಗ ಒಂದು ಸಂಜೆ ಫೋನ್ ಮಾಡಿದ. “ಮಾಮಾ, ಮೂರು ವರ್ಷದ ಕಾಟಾ ಚೀಟಿ ಫೈಲು ಅದಾವ. ಕೊಪ್ಪಳ ಕಡಿಂದ ಎಷ್ಟು ಗಾಡಿ ನೆಲ್ಲು ಬಂದೈತಿ ಅಂತ ಸಾವ್ಕಾರ್ರು ಕೇಳಾಕತ್ತಾರ. ಒಂದೊಂದ ತೆಗದು ನೋಡಿದ್ರ ದೀಪಾವಳಿ ಬರತೈತಿ.”

ದಿನಕ್ಕೊಂದು ಫೈಲು, ಎಲ್ಲ ಸೇರಿ ಸಾವಿರದ ಹತ್ತಿರ. ಹುಡುಗ ಕೋಡು ಬರೆಯಬಲ್ಲ. ಆದರೆ ಕಮಾಂಡ್ ಲೈನ್ (ಮೌಸ್ ಬಿಟ್ಟು ಟೈಪ್ ಮಾಡಿಯೇ ಕಂಪ್ಯೂಟರಿಗೆ ಕೆಲಸ ಹೇಳುವ ರೀತಿ) ಅಂದರೆ ಅವನಿಗೆ ಕಾಲೇಜು ಲ್ಯಾಬಿನ ಕರಿ ಪರದೆ ಮತ್ತು ವೈವಾದ ಭಯ. ರವಿವಾರ ಕೊಪ್ಪಳಕ್ಕೆ ಕರೆಸಿ, ಪಕ್ಕಕ್ಕೆ ಕೂಡಿಸಿಕೊಂಡು ಮಾಡಿಸಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕಮಾಂಡುಗಳನ್ನು ಬಾಯಲ್ಲಿ ಹೇಳುವಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಮೊದಲು ನೆಲ ಹದ ಮಾಡಿ

ಲಿನಕ್ಸ್ ಅಥವಾ ಮ್ಯಾಕ್ ಇದ್ದವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ವಿಂಡೋಸ್ ಇದ್ದರೆ ಅದರೊಳಗೇ ಉಬುಂಟು ಎಂಬ ಲಿನಕ್ಸ್ ಹಾಕಿಕೊಳ್ಳಬೇಕು. ಪವರ್‌ಶೆಲ್ ಅನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆದು, ‘ಡಬ್ಲ್ಯುಎಸ್‌ಎಲ್’ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಎರಡು ಹೈಫನ್ ಹಾಕಿ, ಅದಕ್ಕೆ ಅಂಟಿಸಿ ‘ಇನ್‌ಸ್ಟಾಲ್’ ಬರೆದು ಎಂಟರ್ ಒತ್ತಿ. ಉಬುಂಟು ತಾನಾಗಿ ಇಳಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಇದನ್ನು ಮಾಡಲು ಹೋಗಬೇಡಿ, ದಿನದ ಡೇಟಾ ಅಲ್ಲೇ ಮುಗಿದೀತು. ರೀಸ್ಟಾರ್ಟ್ ಆದಮೇಲೆ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಒತ್ತುವಾಗ ಪರದೆ ಮೇಲೆ ಚುಕ್ಕೆಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿತೆಂದು ನನ್ನ ಅಳಿಯ ಮೂರು ಸಲ ಮುಚ್ಚಿ ತೆರೆದ. ಕಾಣದಿದ್ದರೂ ಅಕ್ಷರ ಬೀಳುತ್ತಿರುತ್ತವೆ. ಒತ್ತಿ ಎಂಟರ್ ಕೊಡಿ.

ವಿಂಡೋಸಿನ ಸಿ ಡ್ರೈವ್ ಇಲ್ಲಿ ‘ಸ್ಲ್ಯಾಶ್ ಎಂಎನ್‌ಟಿ ಸ್ಲ್ಯಾಶ್ ಸಿ’ ಎಂಬ ವಿಳಾಸದಲ್ಲಿ ಇರುತ್ತದೆ. ನಿಮ್ಮ ಫೈಲುಗಳಿರುವ ಫೋಲ್ಡರಿಗೆ ‘ಸಿಡಿ’ ಕಮಾಂಡಿನಿಂದ ಹೋಗಿ.

ಫಿಶ್: ಮಾತು ಮುಗಿಸಿಕೊಡುವ ಶೆಲ್

ಟೈಪ್ ಮಾಡಿದ ಕಮಾಂಡನ್ನು ಓದಿ ಓಡಿಸುವ ಪ್ರೋಗ್ರಾಮೇ ಶೆಲ್. ಉಬುಂಟು ತೆರೆದಾಗ ಎದುರಿಗೆ ಬರುವ ಶೆಲ್ ಬ್ಯಾಶ್. 1989ರಲ್ಲಿ ಬ್ರಯಾನ್ ಫಾಕ್ಸ್ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಗಾಗಿ ಬರೆದದ್ದು, ಇಂದಿಗೂ ಗಟ್ಟಿ ಆಳು. ಆದರೆ ಮೌನಿ. ನೀವು ತಪ್ಪು ಬರೆದಿದ್ದೀರೆಂದು ಎಂಟರ್ ಒತ್ತಿದ ಮೇಲೆಯೇ ಹೇಳುವುದು. ಕಲಿಯುವವರಿಗೆ ಸ್ವಲ್ಪ ಬಾಯಿರುವ ಜೊತೆಗಾರ ಬೇಕು. 2005ರಲ್ಲಿ ಆಕ್ಸೆಲ್ ಲಿಲ್ಯೆನ್‌ಕ್ರಾಂಟ್ಸ್ ಆರಂಭಿಸಿದ ಫಿಶ್ ಅಂಥದ್ದು. 2025ರಲ್ಲಿ ಬಂದ ಇದರ ನಾಲ್ಕನೆಯ ಆವೃತ್ತಿಯನ್ನು ಸಿ ಪ್ಲಸ್ ಪ್ಲಸ್‌ನಿಂದ ರಸ್ಟ್ ಭಾಷೆಗೆ ಬದಲಿಸಿ ಬರೆದಿದ್ದಾರೆ.

ಉಬುಂಟುವಿನಲ್ಲಿ ಹೊಸ ಪ್ರೋಗ್ರಾಮು ತರಿಸುವುದು ಎಪಿಟಿ, ಅದಕ್ಕೆ ಅಧಿಕಾರ ಕೊಡುವುದು ಸುಡೋ. ಮ್ಯಾಕಿನಲ್ಲಿ ಎಪಿಟಿ ಇಲ್ಲ, ಅಲ್ಲಿಯ ಪ್ಯಾಕೇಜ್ ಸಾಧನ ಬಳಸಿ. ‘ಸುಡೋ ಎಪಿಟಿ ಅಪ್‌ಡೇಟ್’ ಕೊಡಿ, ಆಮೇಲೆ ‘ಸುಡೋ ಎಪಿಟಿ ಇನ್‌ಸ್ಟಾಲ್ ಫಿಶ್’. ಮುಗಿದ ಮೇಲೆ ‘ಫಿಶ್’ ಎಂದಷ್ಟೇ ಒತ್ತಿ. ಈಗ ಯಾವುದಾದರೂ ಕಮಾಂಡು ಬರೆಯುತ್ತ ಹೋಗಿ. ಇಲ್ಲದ ಕಮಾಂಡಾದರೆ ಅಕ್ಷರ ಕೆಂಪು. ಸರಿಯಾದ ಕೂಡಲೇ ಬಣ್ಣ ಬದಲು. ಹಿಂದೊಮ್ಮೆ ಬರೆದದ್ದರ ಮೊದಲೆರಡು ಅಕ್ಷರ ಒತ್ತಿದರೆ ಉಳಿದದ್ದು ಬೂದು ಬಣ್ಣದಲ್ಲಿ ಮೂಡಿ ನಿಲ್ಲುತ್ತದೆ. ಬಲ ಬಾಣದ ಕೀಲಿ ಒತ್ತಿದರೆ ಅಷ್ಟೂ ನಿಮ್ಮದು. ಆಲ್ಟ್ ಹಿಡಿದು ಬಲ ಬಾಣ ಒತ್ತಿದರೆ ಒಂದೊಂದೇ ಪದ. ಟ್ಯಾಬ್ ಒತ್ತಿದರೆ ಮುಂದೆ ಏನೇನು ಬರಬಹುದೆಂಬ ಪಟ್ಟಿ, ಒಂದೊಂದಕ್ಕೂ ಪುಟ್ಟ ವಿವರಣೆ. “ಇದು ನಮ್ಮಜ್ಜಿ ಇದ್ದಂಗ ಐತಿ ಮಾಮಾ, ಬಾಯಿ ತೆಗಿಯೋದ್ರಾಗ ಮಾತು ಮುಗಸ್ತೈತಿ” ಅಂದ ಅಳಿಯ.

ಈ ಬೂದು ಸಲಹೆಯೇ ಒಮ್ಮೆ ನನ್ನ ಕೈ ಸುಟ್ಟಿದೆ. ಫೋಲ್ಡರ್ ಅಳಿಸುವ ‘ಆರ್‌ಎಂ’ ಬರೆಯುತ್ತಿದ್ದಂತೆ ಹಿಂದಿನ ದಿನದ ಸಾಲು ಮೂಡಿತು. ಬಲ ಬಾಣ, ಎಂಟರ್. ಬೇರೆ ಕೆಲಸದ ಫೋಲ್ಡರಿನಲ್ಲಿದ್ದೆ. ಅಲ್ಲೂ ಅದೇ ಹೆಸರಿನ ಫೋಲ್ಡರ್ ಇತ್ತು. ವಾರದ ಕೆಲಸ ಹೋಯಿತು. ಇಲ್ಲಿ ರೀಸೈಕಲ್ ಬಿನ್ ಇಲ್ಲ. ಅಂದಿನಿಂದ ಅಳಿಸುವ ಕಮಾಂಡಿಗೆ ಮಾತ್ರ ಸಾಲಿನ ಆರಂಭದಲ್ಲಿ ಒಂದು ಸ್ಪೇಸ್ ಹಾಕುತ್ತೇನೆ. ಸ್ಪೇಸಿನಿಂದ ಶುರುವಾದ ಸಾಲನ್ನು ಫಿಶ್ ನೆನಪಿನಲ್ಲಿ ಇಡುವುದಿಲ್ಲ, ಹಾಗಾಗಿ ಮುಂದೆ ಸಲಹೆಯಾಗಿಯೂ ಬರುವುದಿಲ್ಲ. ಪಾಸ್‌ವರ್ಡ್ ಇರುವ ಸಾಲುಗಳಿಗೂ ಇದನ್ನೇ ಮಾಡಿ.

ಇನ್ನೊಂದು ಎಚ್ಚರ: ಬ್ಯಾಶ್‌ಗೆಂದು ಬರೆದ ಸಾಲುಗಳೆಲ್ಲ ಫಿಶ್‌ನಲ್ಲಿ ಓಡುವುದಿಲ್ಲ. ಎಲ್ಲಿಂದಲೋ ತಂದು ಅಂಟಿಸಿದ್ದು ತಕರಾರು ಮಾಡಿದರೆ ‘ಬ್ಯಾಶ್’ ಎಂದು ಒತ್ತಿ, ಅಲ್ಲಿ ಓಡಿಸಿ, ‘ಎಕ್ಸಿಟ್’ ಕೊಟ್ಟು ವಾಪಸು ಬನ್ನಿ.

ಈಗ ಹುಡುಕಾಟ

ಹುಡುಕುವುದಕ್ಕೆ ಹಳೆಯ ಹುಲಿ ಗ್ರೆಪ್ ಇದೆ, ಕೆನ್ ಥಾಂಪ್ಸನ್ ಕೈಯಿಂದ 1970ರ ದಶಕದಲ್ಲಿ ಬಂದದ್ದು. ನಾನು ಬಳಸುವುದು ಆಂಡ್ರ್ಯೂ ಗ್ಯಾಲಂಟ್ 2016ರಲ್ಲಿ ಹೊರತಂದ ರಿಪ್‌ಗ್ರೆಪ್. ಇನ್‌ಸ್ಟಾಲ್ ಮಾಡುವಾಗ ಪೂರ್ತಿ ಹೆಸರು, ಬಳಸುವಾಗ ‘ಆರ್‌ಜಿ’ ಎಂಬ ಎರಡೇ ಅಕ್ಷರ. ಒಳಗಿನ ಫೋಲ್ಡರುಗಳನ್ನೆಲ್ಲ ಹೇಳದೆಯೇ ಜಾಲಾಡುತ್ತದೆ, ಗಿಟ್‌ಗೆ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಬೇಡವೆಂದು ಗುರುತು ಹಾಕಿದ ಫೈಲುಗಳನ್ನು ಬಿಡುತ್ತದೆ. ಎಕ್ಸೆಲ್ ಫೈಲಿನ ಒಳಗೆ ಮಾತ್ರ ಇದಕ್ಕೆ ಕಣ್ಣು ಕಾಣದು. ಅವನ್ನು ಮೊದಲು ಯುಟಿಎಫ್-8 ಸಿಎಸ್‌ವಿ, ಅಂದರೆ ಬರೀ ಅಕ್ಷರಗಳ ಸಾದಾ ಫೈಲು ಆಗಿ ಉಳಿಸಿಕೊಳ್ಳಿ.

‘ಆರ್‌ಜಿ ಕೊಪ್ಪಳ’ ಎಂದು ಒತ್ತಿದೆವು, ಊರಿನ ಹೆಸರು ಮಾತ್ರ ಕನ್ನಡದಲ್ಲೇ. ಕಣ್ಣು ಮಿಟುಕಿಸುವುದರೊಳಗೆ ಸಾಲುಗಳು ಬಂದು ಬಿದ್ದವು. ಎಣಿಸಲು ಅದರ ಮುಂದೆ ಪೈಪು, ಅಂದರೆ ನೆಟ್ಟನೆಯ ಗೆರೆ ಹಾಕಿ, ‘ಡಬ್ಲ್ಯುಸಿ’, ಒಂದು ಸ್ಪೇಸ್ ಬಿಟ್ಟು ‘ಹೈಫನ್ ಎಲ್’ ಬರೆಯಬೇಕು. ಡಗ್ ಮೆಕಿಲ್‌ರಾಯ್ ಕೊಟ್ಟ ಈ ಪೈಪಿನ ಉಪಾಯ ಗದ್ದೆಯವರಿಗೆ ಬೇಗ ತಿಳಿದೀತು: ಮೇಲಿನ ಮಡಿ ತುಂಬಿ ಹರಿದ ನೀರು ಕೆಳಗಿನ ಮಡಿಗೆ. ಒಂದು ಕಮಾಂಡು ಹೊರಹಾಕಿದ್ದು ಇನ್ನೊಂದರ ಬಾಯಿಗೆ.

ಆದರೆ ಲೆಕ್ಕ ಕಡಿಮೆ ಬಂತು. ಕಣ್ಣಿಗೆ ಕಾಣುವ ‘ಕೊಪ್ಪಳ’ ಕೆಲವು ಫೈಲಿನಲ್ಲಿ ಸಿಗಲೇ ಇಲ್ಲ. ಇದು ಕನ್ನಡದಂಥ ಕೆಲವು ಲಿಪಿಗಳವರಿಗೆ ಬರುವ ತೊಡಕು. ‘ಕೊ’ದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ. ರಿಪ್‌ಗ್ರೆಪ್‌ಗೆ ಬೇರೆ ಬೇರೆ ಪದ. ಸುಲಭದ ದಾರಿ, ಒತ್ವವನ್ನೇ ಬಿಟ್ಟು ‘ಪ್ಪಳ’ ಹುಡುಕುವುದು. ಹಪ್ಪಳದ ವ್ಯಾಪಾರಿ ಯಾರಾದರೂ ಇದ್ದರೆ ಅವರೂ ಬರುತ್ತಾರೆ, ಕೈಯಿಂದ ತೆಗೆಯಿರಿ. ದಿನವೂ ಮಾಡುವ ಕೆಲಸವಾದರೆ ‘ಐಸಿಯು ಹೈಫನ್ ಡೆವ್‌ಟೂಲ್ಸ್’ ಪ್ಯಾಕೇಜಿನಲ್ಲಿರುವ ಯುಕಾನ್ವ್ ಎಂಬ ಸಾಧನದಿಂದ ಫೈಲುಗಳನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ ತಂದುಬಿಡಿ. ಆಗ ಎಲ್ಲ ಒತ್ವವೂ ಒಂದೇ ಸಂಕೇತ.

ಇಂಗ್ಲಿಷಿನಲ್ಲಿ ನಮೂದಿಸಿದ ಊರುಗಳದ್ದು ಬೇರೆ ರಗಳೆ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು, ಬರೆಯುವವರ ಕೈ ಇನ್ನೂ ಪೂರ್ತಿ ಬದಲಾಗಿಲ್ಲ. ಎರಡನ್ನೂ ಒಂದೇ ಏಟಿಗೆ ಹಿಡಿಯಲು ಉದ್ಧರಣ ಚಿಹ್ನೆಯೊಳಗೆ ಬಿ, ಚೌಕ ಕಂಸದಲ್ಲಿ ಎ ಮತ್ತು ಇ, ಆಮೇಲೆ ಎಲ್ ಎಲ್ ಎ ಆರ್, ಮತ್ತೆ ಚೌಕ ಕಂಸದಲ್ಲಿ ವೈ ಮತ್ತು ಐ. ಕಂಸದೊಳಗಿನವುಗಳಲ್ಲಿ ಯಾವುದಾದರೊಂದು ಸಿಕ್ಕರೆ ಸಾಕು ಎಂದರ್ಥ. ‘ಹೈಫನ್ ಐ’ ಸೇರಿಸಿದರೆ ದೊಡ್ಡಕ್ಷರ, ಸಣ್ಣಕ್ಷರದ ಭೇದವೂ ಹೋಗುತ್ತದೆ.

ಟರ್ಮಿನಲ್‌ನಲ್ಲಿ, ಅಂದರೆ ಈ ಕರಿ ಪರದೆಯಲ್ಲಿ, ಕನ್ನಡದ ಒತ್ತಕ್ಷರ ಒಡೆದು ಕಂಡರೆ ಗಾಬರಿಯಾಗಬೇಡಿ. ಒಂದೊಂದು ಅಕ್ಷರಕ್ಕೂ ಸಮ ಅಗಲದ ಮನೆ ಕೊಡುವ ಪರದೆ ಅದು. ನಮ್ಮ ಒತ್ತುಗಳು ಆ ಮನೆಗಳಲ್ಲಿ ಹಿಡಿಯುವುದಿಲ್ಲ. ಫೈಲು ಸರಿಯಾಗಿಯೇ ಇರುತ್ತದೆ.

ಉಳಿದವು ಬೇಕಾದಾಗ

ಪಟ್ಟಿಯಿಂದ ಆರಿಸಿಕೊಳ್ಳಲು ಎಫ್‌ಜೆಡ್‌ಎಫ್, ಫೈಲನ್ನು ಬಣ್ಣ ಹಚ್ಚಿ ತೋರಿಸಲು ಬ್ಯಾಟ್, ಹೋಗಿಬಂದ ಫೋಲ್ಡರಿಗೆ ಹಾರಲು ಜೋಕ್ಸೈಡ್. ಬ್ಯಾಟ್ ಹಾಕಿಕೊಂಡು ಕಮಾಂಡು ಸಿಗದೆ ಒದ್ದಾಡುವವರಿದ್ದಾರೆ. ಉಬುಂಟುವಿನಲ್ಲಿ ಅದರ ಹೆಸರು ‘ಬ್ಯಾಟ್‌ಕ್ಯಾಟ್’. ಪ್ರಾಂಪ್ಟ್, ಅಂದರೆ ಕಮಾಂಡು ಬರೆಯುವ ಜಾಗದ ಹಿಂದಿರುವ ಗುರುತು, ಅದರ ಸಿಂಗಾರಕ್ಕೆ ಮಾತ್ರ ಈಗಲೇ ಕೈ ಹಾಕಬೇಡಿ. ಬಾಣ, ಬಣ್ಣ, ಫಾಂಟು ಹೊಂದಿಸುತ್ತ ನಾನು ಒಂದು ಇಡೀ ರವಿವಾರ ಕಳೆದಿದ್ದೇನೆ, ಒಗ್ಗರಣಿ ಮಿರ್ಚಿ ಆರಿಹೋಗಿತ್ತು.

ಟಿಮಕ್ಸ್ ಮಾತ್ರ ನಮ್ಮ ಕಡೆಯವರು ಬಿಡಬಾರದ್ದು. ದೂರದ ಸರ್ವರಿನಲ್ಲಿ ಗಂಟೆಗಟ್ಟಲೆ ಓಡುವ ಕೆಲಸ ಹಚ್ಚಿರುತ್ತೀರಿ, ಕರೆಂಟು ಹೋಗುತ್ತದೆ, ವೈಫೈ ಸಾಯುತ್ತದೆ, ಜೊತೆಗೆ ಆ ಕೆಲಸವೂ. ಸರ್ವರಿಗೆ ಲಾಗಿನ್ ಆದ ತಕ್ಷಣ ಅಲ್ಲಿಯೇ ‘ಟಿಮಕ್ಸ್’ ಒತ್ತಿ, ಅದರೊಳಗೆ ಕೆಲಸ ಶುರು ಮಾಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒತ್ತಿದರೆ ಉಪಯೋಗವಿಲ್ಲ. ಸಂಪರ್ಕ ಹರಿದರೂ ಕೆಲಸ ಅಲ್ಲಿ ನಡೆದೇ ಇರುತ್ತದೆ. ಕರೆಂಟು ಬಂದ ಮೇಲೆ ಮತ್ತೆ ಲಾಗಿನ್ ಆಗಿ ‘ಟಿಮಕ್ಸ್ ಅಟ್ಯಾಚ್’ ಎನ್ನಿ. ಬೇಕೆಂದೇ ಹೊರಬರಲು ಕಂಟ್ರೋಲ್ ಜೊತೆ ಬಿ ಒತ್ತಿ, ಬಿಟ್ಟು, ಡಿ ಒತ್ತಿ.

ಹದಿನೈದು ದಿನ ಬಳಸಿದ ಮೇಲೂ ಫಿಶ್ ಹಿಡಿಸಿದರೆ ಕಾಯಂ ಮಾಡಿಕೊಳ್ಳಬಹುದು. ‘ವಿಚ್ ಫಿಶ್’ ಎಂದರೆ ಅದಿರುವ ವಿಳಾಸ ಹೇಳುತ್ತದೆ. ‘ಸಿಎಚ್‌ಎಸ್‌ಎಚ್’, ಒಂದು ಸ್ಪೇಸ್ ಬಿಟ್ಟು ‘ಹೈಫನ್ ಎಸ್’ ಬರೆದು ಮುಂದೆ ಆ ವಿಳಾಸ ಕೊಡಿ. ಹೊಸದಾಗಿ ತೆರೆದಾಗ ನೇರ ಫಿಶ್ ಬರುತ್ತದೆ. ಇದು ನಿಮ್ಮ ಸ್ವಂತ ಲ್ಯಾಪ್‌ಟಾಪಿಗೆ ಮಾತ್ರ. ಹತ್ತು ಜನ ಒಂದೇ ಲಾಗಿನ್ ಹಂಚಿಕೊಳ್ಳುವ ಆಫೀಸಿನ ಸರ್ವರಿನಲ್ಲಿ ಹೀಗೆ ಮಾಡಿದರೆ ಬೆಳಿಗ್ಗೆ ಒಂಬತ್ತಕ್ಕೇ ಫೋನು ಬರುತ್ತದೆ.