ಕಿಡ್ನಿ ಕಲ್ಲಿನ ಹರಳನ್ನು ಸಿಟ್ರೇಟ್ ಹೇಗೆ ತಡೆಯುತ್ತದೆ: ಬೀಕರಿನಲ್ಲಿ ಅಳೆದು ನೋಡುವ ಬಗೆ

ಕಿಡ್ನಿ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್‌ನವು. ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ದ್ರಾವಣಗಳನ್ನು ಬೆರೆಸಿದರೆ ಅದೇ ಹರಳು ನಿಮಿಷಗಳಲ್ಲಿ ಮೂಡಿ ನೀರು ಮಬ್ಬಾಗುತ್ತದೆ. ಜೊತೆಗೆ ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ) ಹಾಕಿದಾಗ ಮಬ್ಬು ಕಡಿಮೆಯಾದರೆ "ತಡೆಯಿತು" ಎಂದು ಬರೆದುಕೊಳ್ಳುವುದು ಸುಲಭ. ಯಾವ ದಾರಿಯಲ್ಲಿ ತಡೆಯಿತು ಎಂದು ಬಿಡಿಸಿ ಹೇಳುವುದೇ ಕಷ್ಟ.

ದ್ರಾವಣಗಳು

ಮೊದಲು ಮೂಲದ್ರಾವಣ: 1 ಲೀಟರ್ ಡಿಸ್ಟಿಲ್ಡ್ ನೀರಿಗೆ 11.7 ಗ್ರಾಂ ಸೋಡಿಯಂ ಕ್ಲೋರೈಡ್, 1.36 ಗ್ರಾಂ ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್. ಇದೇ ಅಳತೆಯಲ್ಲಿ ಒಟ್ಟು 2 ಲೀಟರ್ ಮಾಡಿಕೊಳ್ಳಿ. ಇದರ ಅರ್ಧ ಲೀಟರಿನಲ್ಲಿ 0.625 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಕರಗಿಸಿದರೆ 8.5 ಮಿಲಿಮೋಲಾರ್ (ಲೀಟರಿಗೆ ಮೋಲ್‌ನ ಸಾವಿರದ ಒಂದು ಪಾಲಿನ ಲೆಕ್ಕ) ಕ್ಯಾಲ್ಸಿಯಂ ದ್ರಾವಣ ಸಿಗುತ್ತದೆ. ಇನ್ನರ್ಧ ಲೀಟರಿನಲ್ಲಿ 0.10 ಗ್ರಾಂ ಸೋಡಿಯಂ ಆಕ್ಸಲೇಟ್ ಕರಗಿಸಿ, ಅದು 1.5 ಮಿಲಿಮೋಲಾರ್. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ, ಹಳೆಯ ಡಬ್ಬಿಯದನ್ನು ನಂಬಬೇಡಿ. ಸಿಟ್ರೇಟ್‌ಗೆ 2.94 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟನ್ನು 100 ಮಿಲೀ ಮೂಲದ್ರಾವಣದಲ್ಲಿ ಕರಗಿಸಿ. ಇದು 100 ಮಿಲಿಮೋಲಾರ್.

ಸಿಟ್ರೇಟೂ ಸೇರಿದಂತೆ ಎಲ್ಲ ದ್ರಾವಣಗಳನ್ನೂ ಬೇರೆಬೇರೆಯಾಗಿಯೇ ತೆಳು ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 5.7ಕ್ಕೆ ತನ್ನಿ. ಈ ಹೆಜ್ಜೆ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ: ಸಿಟ್ರೇಟ್ ದ್ರಾವಣ ತಾನಾಗಿಯೇ ಕ್ಷಾರೀಯ, ಅದನ್ನು ಹಾಗೇ ಸುರಿದರೆ ಅಳೆಯುವುದು ಸಿಟ್ರೇಟ್ ಜೊತೆಗೆ ಪಿಎಚ್ ಬದಲಾವಣೆಯನ್ನೂ. ಪಿಎಚ್ ಏರಿದಷ್ಟೂ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿಯುತ್ತದೆ. ಕೊನೆಗೆ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಧೂಳಿನ ಕಣವೂ ಹರಳಿಗೆ ಬೀಜವಾಗುತ್ತದೆ.

ಸೋಡಿಯಂ ಆಕ್ಸಲೇಟ್ ವಿಷಕಾರಿ. ಕೈಗವಸು ಹಾಕಿ, ಪಿಪೆಟ್ಟನ್ನು ಬಾಯಿಂದ ಎಳೆಯಬೇಡಿ.

ಬೆರೆಸಿ ಓದುವುದು

ದ್ರಾವಣಗಳನ್ನು ಮೊದಲೇ 37 ಡಿಗ್ರಿಗೆ ಬಿಸಿ ಮಾಡಿ. ಬೀಕರಿನಲ್ಲಿ 24 ಮಿಲೀ ಕ್ಯಾಲ್ಸಿಯಂ ದ್ರಾವಣ, ಅದಕ್ಕೆ 1 ಮಿಲೀ ಸೇರ್ಪಡೆ. 1 ಮಿಲಿಮೋಲಾರ್ ಸಿಟ್ರೇಟ್ ಬೇಕೆಂದರೆ 0.5 ಮಿಲೀ ಸಿಟ್ರೇಟ್, ಉಳಿದ 0.5 ಮಿಲೀ ಮೂಲದ್ರಾವಣ. ಹೋಲಿಕೆಯ ಬೀಕರಿಗೆ 1 ಮಿಲೀ ಪೂರ್ತಿ ಮೂಲದ್ರಾವಣವೇ. ಮ್ಯಾಗ್ನೆಟಿಕ್ ಸ್ಟಿರರ್ ನಿಮಿಷಕ್ಕೆ 500 ಸುತ್ತಿಗೆ ಇಟ್ಟು, 25 ಮಿಲೀ ಆಕ್ಸಲೇಟ್ ಒಂದೇ ಸಲಕ್ಕೆ ಸುರಿದು ಗಡಿಯಾರ ಒತ್ತಿ. 620 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಬ್ಸಾರ್ಬೆನ್ಸನ್ನು (ದ್ರಾವಣ ಎಷ್ಟು ಬೆಳಕನ್ನು ತಡೆಯುತ್ತದೆ ಎಂಬ ಅಳತೆ, ಅಂದರೆ ಮಬ್ಬು) 30 ಸೆಕೆಂಡಿಗೊಮ್ಮೆ 20 ನಿಮಿಷ ಓದಿ. ಪ್ರತಿಯೊಂದನ್ನೂ ಕನಿಷ್ಠ ಮೂರು ಸಲ ಮಾಡಿ.

ರೇಖೆ ಮೊದಲು ಏರುತ್ತದೆ: ಹರಳು ಹುಟ್ಟಿ ಬೆಳೆಯುತ್ತಿರುವುದು. ಆಮೇಲೆ ಮೆಲ್ಲಗೆ ಇಳಿಯುತ್ತದೆ. ಹರಳು ಕರಗಿತು ಎಂದು ಇಲ್ಲಿ ಮೋಸಹೋಗುವವರು ಬಹಳ. ಅಲ್ಲ, ಹರಳುಗಳು ಒಂದಕ್ಕೊಂದು ಅಂಟಿ ದಪ್ಪ ಗುಂಪಾಗಿ, ಬೆಳಕನ್ನು ಚದುರಿಸುವ ಕಣಗಳ ಸಂಖ್ಯೆ ತಗ್ಗಿದೆ. ಏರಿಕೆಯ ಕಡಿದಾದ ಭಾಗದ ಇಳಿಜಾರನ್ನೂ ಇಳಿಕೆಯ ಇಳಿಜಾರನ್ನೂ ಬೇರೆಬೇರೆ ತೆಗೆಯಿರಿ. ಏರಿಕೆಯು ನಿಮಿಷಕ್ಕೆ ಹೋಲಿಕೆಯಲ್ಲಿ 0.020, ಸಿಟ್ರೇಟ್ ಇದ್ದಾಗ 0.012 ಬಂದರೆ ತಡೆ 40 ಶೇಕಡಾ.

ಯಾವ ದಾರಿ?

ಸಿಟ್ರೇಟ್ ಎರಡು ಕೆಲಸ ಮಾಡುತ್ತದೆ: ಬಿಡಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಅತಿಸಂತೃಪ್ತತೆ (ಕರಗಬಲ್ಲದ್ದಕ್ಕಿಂತ ಹೆಚ್ಚು ಕರಗಿರುವ ಸ್ಥಿತಿ) ಇಳಿಸುತ್ತದೆ, ಹರಳಿನ ಮೈಗೆ ಅಂಟಿ ಬೆಳವಣಿಗೆಯನ್ನೂ ನಿಲ್ಲಿಸುತ್ತದೆ. ಬೇರ್ಪಡಿಸಲು ಸರಳ ಲೆಕ್ಕವಿದೆ. ಬೆರೆತ ಮೇಲೆ ಕ್ಯಾಲ್ಸಿಯಂ 4.08 ಮಿಲಿಮೋಲಾರ್, ಒಂದಕ್ಕೊಂದು ಕೂಡಿದರೂ 1 ಮಿಲಿಮೋಲಾರ್ ಸಿಟ್ರೇಟ್ ಹೆಚ್ಚೆಂದರೆ 1ನ್ನು ಹಿಡಿಯಬಲ್ಲದು, 3.08 ಉಳಿಯುತ್ತದೆ. ಹಾಗಾಗಿ ಸಿಟ್ರೇಟ್ ಇಲ್ಲದೆ 3.08ರ ಬೀಕರೊಂದನ್ನು ಓಡಿಸಿ: 18.1 ಮಿಲೀ ಕ್ಯಾಲ್ಸಿಯಂ ದ್ರಾವಣ, 6.9 ಮಿಲೀ ಮೂಲದ್ರಾವಣ, 25 ಮಿಲೀ ಆಕ್ಸಲೇಟ್. ಸಿಟ್ರೇಟಿನ ತಡೆ ಇದಕ್ಕಿಂತ ಹೆಚ್ಚಾಗಿದ್ದರೆ, ಆ ಹೆಚ್ಚಳ ಕ್ಯಾಲ್ಸಿಯಂ ಕಟ್ಟಿದ್ದರಿಂದ ಬಂದದ್ದಲ್ಲ. ಹರಳನ್ನು ತಡೆಯುವ ಇನ್ನೊಂದು ವಸ್ತು ಮೆಗ್ನೀಸಿಯಂ. ಅದಕ್ಕೆ ಈ ಯುಕ್ತಿ ನಡೆಯದು. ಅದು ಹಿಡಿಯುವುದು ಆಕ್ಸಲೇಟನ್ನು, ಆಕ್ಸಲೇಟ್ ಇಲ್ಲಿರುವುದೇ 0.75 ಮಿಲಿಮೋಲಾರ್ ಮಾತ್ರ. 2 ಮಿಲಿಮೋಲಾರ್ ಮೆಗ್ನೀಸಿಯಂ ಹಾಕಿದರೆ ಲೆಕ್ಕಕ್ಕೆ ಎಲ್ಲವನ್ನೂ ಹಿಡಿಯಬಹುದು. ಎರಡನ್ನೂ ಒಟ್ಟಿಗೆ ಹಾಕಿದರೆ ಸಿಟ್ರೇಟಿನ ಒಂದು ಪಾಲು ಮೆಗ್ನೀಸಿಯಂ ಕಡೆಗೂ ಹೋಗುತ್ತದೆ, ಆದ್ದರಿಂದ ಮೊದಲು ಒಂದೊಂದನ್ನೇ ಪರೀಕ್ಷಿಸಿ.

ಮೈಕ್ರೋಸ್ಕೋಪ್ ಬಿಡಬೇಡಿ

ಹರಳಿನ ಆಕಾರ ಬದಲಾದರೂ ಮಬ್ಬು ಬದಲಾಗುತ್ತದೆ. ಕೊನೆಯಲ್ಲಿ ಒಂದು ಹನಿ ತೆಗೆದು 400 ಪಟ್ಟು ಹಿಗ್ಗಿಸಿ ನೋಡಿ. ಕ್ಯಾಲ್ಸಿಯಂ ಆಕ್ಸಲೇಟ್ ಹರಳಿನಲ್ಲಿ ಎರಡು ಬಗೆ: ಒಂದು ನೀರಿನ ಅಣು ಸೇರಿದ ಮೊನೊಹೈಡ್ರೇಟ್, ಎರಡು ಸೇರಿದ ಡೈಹೈಡ್ರೇಟ್. ಮೊನೊಹೈಡ್ರೇಟ್ ಅಂಡಾಕಾರ, ಡಂಬೆಲ್ ಅಥವಾ ತೆಳು ಹಲಗೆಯಂತೆ. ಡೈಹೈಡ್ರೇಟ್ ಎಂಟು ಮುಖದ ಜೋಡಿ ಪಿರಮಿಡ್, ಮೇಲಿಂದ ಲಕೋಟೆಯಂತೆ. ಅಡ್ಡ ಧ್ರುವೀಕೃತ ಬೆಳಕಿನಲ್ಲಿ (ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಧ್ರುವೀಕಾರಕಗಳ ನಡುವೆ ಇಟ್ಟು ನೋಡಿದಾಗ) ಮೊನೊಹೈಡ್ರೇಟ್ ಹೆಚ್ಚು ಹೊಳೆಯುತ್ತದೆ. ಹನಿ ಒಣಗಲು ಬಿಟ್ಟರೆ ಚೌಕಾಕಾರದ ಉಪ್ಪಿನ ಹರಳು ಮೂಡುತ್ತದೆ. ಅದು ಆ ಬೆಳಕಿನಲ್ಲಿ ಕಪ್ಪಾಗಿಯೇ ಉಳಿಯುವುದರಿಂದ ಗುರುತು ಸುಲಭ.

ಆಕ್ಸಲೇಟ್ ದ್ರಾವಣ ಬೆರೆಸುವ ಮುಂಚೆಯೇ ಮಬ್ಬಾದರೆ ನೀರಿನಲ್ಲೇ ಕ್ಯಾಲ್ಸಿಯಂ ಇದೆ. ಮೂರು ಸಲದ ಓದುಗಳು ಒಂದಕ್ಕೊಂದು ಹೊಂದದೆ, ಪ್ರತಿ ಸಲ ಏರಿಕೆ ಬೇಗ ಶುರುವಾಗುತ್ತಿದ್ದರೆ ಹಿಂದಿನ ಹರಳು ಗಾಜಿಗೆ ಅಂಟಿ ಬೀಜವಾಗಿದೆ. ಸೋಪು ಸಾಲದು, ಬೀಕರ್, ಕ್ಯುವೆಟ್ (ಅಬ್ಸಾರ್ಬೆನ್ಸ್ ಓದಲು ದ್ರಾವಣ ಹಾಕುವ ಪುಟ್ಟ ಪಾತ್ರೆ), ತಿರುಗಣಿ ಪಟ್ಟಿ ಮೂರನ್ನೂ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಹಲವು ಸಲ ತೊಳೆಯಿರಿ.