ಗಾಲ್ಫ್ ಮೈದಾನದ ವಿನ್ಯಾಸಕರಾಗುವ ದಾರಿ

ಗಾಲ್ಫ್ ಮೈದಾನದ ವಿನ್ಯಾಸವನ್ನು ವೃತ್ತಿಯಾಗಿ ಆರಿಸಿಕೊಳ್ಳಬಯಸುವವರು ಸಾಮಾನ್ಯವಾಗಿ ಮೊದಲು ಕೇಳುವುದು, ತಾವು ಎಷ್ಟು ಚೆನ್ನಾಗಿ ಆಡಬೇಕು ಎಂಬುದನ್ನು. ಆಟದ ತಿಳಿವಳಿಕೆಯಿಲ್ಲದೆ ಈ ಕೆಲಸ ಸಾಗದು, ನಿಜ. ಆದರೆ ಅದಕ್ಕೂ ಮೊದಲು ಬೇಕಾದದ್ದು, ಒಂದು ನೆಲವನ್ನು ನೋಡಿ ಅದರ ಮೇಲೆ ಬಿದ್ದ ಮಳೆ ಎತ್ತ ಹರಿದೀತು, ಎಲ್ಲಿ ನಿಂತೀತು ಎಂದು ಹೇಳಬಲ್ಲ ಕಣ್ಣು. ಹೆಸರಾಂತ ಆಟಗಾರ ಬಾಬಿ ಜೋನ್ಸ್ ಜೊತೆಗೂಡಿ ಅಮೆರಿಕದ ಅಗಸ್ಟಾ ನ್ಯಾಷನಲ್ ಮೈದಾನವನ್ನು ರೂಪಿಸಿದ ಅಲಿಸ್ಟರ್ ಮೆಕೆಂಜಿ ವೈದ್ಯರು. ಇನ್ನೊಬ್ಬ ವಿನ್ಯಾಸಕ ಡೊನಾಲ್ಡ್ ರಾಸ್ ಸ್ಕಾಟ್ಲೆಂಡಿನಲ್ಲಿ ಮರಗೆಲಸ ಕಲಿತು, ಅಲ್ಲಿನ ಹಿರಿಯ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ ಅವರ ಕೈಕೆಳಗೆ ಪಳಗಿದವರು. ಮತ್ತೊಬ್ಬ ವಿನ್ಯಾಸಕ ಪೀಟ್ ಡೈ ವಿಮೆ ಮಾರುತ್ತಿದ್ದವರು. ಮೂವರೂ ಈ ಕಣ್ಣನ್ನು ನೆಲದ ಮೇಲೆ ನಡೆದಾಡಿಯೇ ಗಳಿಸಿದರು.

ಇಂದು ಹೆಚ್ಚಿನವರು ಬರುವುದು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್, ಅಂದರೆ ಹೊರಾಂಗಣ ನೆಲದ ವಿನ್ಯಾಸ, ಓದಿಕೊಂಡು. ಇಂದಿನ ಹೆಸರಾಂತ ವಿನ್ಯಾಸಕರಾದ ಟಾಮ್ ಡೋಕ್ ಮತ್ತು ಗಿಲ್ ಹ್ಯಾನ್ಸ್ ಇಬ್ಬರೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಓದಿದರು. ನಮ್ಮಲ್ಲಿ ಬಿ.ಆರ್ಕ್ ಮುಗಿಸಿದವರಿಗೆ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಮತ್ತು ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಸ್ನಾತಕೋತ್ತರ ಶಿಕ್ಷಣ ದೊರೆಯುತ್ತದೆ. ಸಿವಿಲ್ ಎಂಜಿನಿಯರಿಂಗ್ ಓದಿದವರಿಗೂ ಇಲ್ಲಿ ಜಾಗವಿದೆ. ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಮಣ್ಣು ಮತ್ತು ಬೆಳೆಗಳನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಗೆ, ಚಿತ್ರ ಬರೆಯುವ ಕೈ ಒಂದಿದ್ದರೆ, ಉಳಿದವರಿಗಿಂತ ಗಟ್ಟಿಯಾದ ಅಡಿಪಾಯ ಸಿಕ್ಕಿರುತ್ತದೆ.

ಓದುತ್ತಿರುವಾಗಲೇ ಮಾಡಬಹುದಾದ ಅಭ್ಯಾಸವೊಂದಿದೆ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆ ಇದಕ್ಕೆ ಸಾಲದು; ಅದರಲ್ಲಿ ಸಮೋನ್ನತಿ ರೇಖೆಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಅಂತರವಿರುವುದರಿಂದ, ಬಯಲುಸೀಮೆಯ ಒಂದು ಇಡೀ ಮೈದಾನ ಎರಡು ಗೆರೆಗಳ ನಡುವೆ ಅಡಗಿಬಿಡಬಹುದು. ಒಂದು ಮೀಟರ್ ಅಂತರದ ರೇಖೆಗಳಿರುವ 1:2000 ಪ್ರಮಾಣದ ಸರ್ವೆ ನಕ್ಷೆಯೊಂದನ್ನು ಸಂಪಾದಿಸಿ. ರಟ್ಟಿನಲ್ಲಿ 8, 20 ಮತ್ತು 25 ಸೆಂಟಿಮೀಟರ್ ಉದ್ದದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಅವು ಕ್ರಮವಾಗಿ 160 ಮೀಟರಿನ ಪಾರ್ 3, 400 ಮೀಟರಿನ ಪಾರ್ 4 ಮತ್ತು 500 ಮೀಟರಿನ ಪಾರ್ 5. ಹೋಲ್ ಎಂದರೆ ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ಹಾದಿ; ಪಾರ್ ಎಂದರೆ ಅದನ್ನು ಮುಗಿಸಲು ನಿಗದಿಯಾದ ಹೊಡೆತಗಳ ಸಂಖ್ಯೆ. ಈ ಪಟ್ಟಿಗಳನ್ನು ನಕ್ಷೆಯ ಮೇಲೆ ಸರಿಸುತ್ತ, ಒಂದು ಗ್ರೀನ್‌ನಿಂದ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಮುಂದಿನ ಟೀಗೆ (ಮೊದಲ ಹೊಡೆತದ ಜಾಗ) ನಾಲ್ಕು ಹೆಜ್ಜೆಯಲ್ಲಿ ಹೋಗುವಂತೆ, ಬೆಳಗಿನ ಮೊದಲ ಹೊಡೆತದಲ್ಲಿ ಸೂರ್ಯ ಕಣ್ಣಿಗೆ ರಾಚದಂತೆ, ಒಬ್ಬರ ಚೆಂಡು ಪಕ್ಕದ ಹುಲ್ಲುಹಾದಿಯಾದ ಫೇರ್‌ವೇಯಲ್ಲಿರುವವರ ತಲೆಗೆ ಬೀಳದಂತೆ 18 ಹೋಲ್‌ಗಳನ್ನು ಕೂಡಿಸಿ ನೋಡಿ. ಇದಕ್ಕೆ ರೂಟಿಂಗ್ ಎನ್ನುತ್ತಾರೆ. ಹತ್ತು ಸಲ ಅಳಿಸಿ ಕೂಡಿಸಿದ ಮೇಲೆ, ನಕ್ಷೆಯಲ್ಲಿ ಹಳ್ಳ ಎಲ್ಲಿದೆಯೆಂದು ಹುಡುಕುವ ಅಗತ್ಯ ನಿಮಗೆ ಬೀಳುವುದಿಲ್ಲ.

ಬಳಿಕ ಒಬ್ಬ ಅನುಭವಿಯ ಕೈಕೆಳಗೆ ಹಲವು ವರ್ಷ ದುಡಿಯಬೇಕಾಗುತ್ತದೆ. ಕಚೇರಿಯ ಕೆಲಸಕ್ಕಿಂತ ನಿರ್ಮಾಣದ ಸ್ಥಳದ ಕೆಲಸವನ್ನು ಕೇಳಿ ಪಡೆಯಿರಿ. ಸಂಬಳ ಕಡಿಮೆಯಾದರೂ ಪರವಾಗಿಲ್ಲ. ಬುಲ್‌ಡೋಜರ್ ನಡೆಸಿ ನೆಲಕ್ಕೆ ಆಕಾರ ಕೊಡುವವರನ್ನು ಶೇಪರ್ ಎಂದು ಕರೆಯುತ್ತಾರೆ, ಮತ್ತು ಹಾಳೆಯ ಮೇಲಿನ ಗೆರೆ ನೆಲದ ಮೇಲೆ ಉಬ್ಬಾಗಿ ಏಳುವುದು ಅವರ ಕೈಯಲ್ಲೇ. ಫ್ಲಾರಿಡಾದ ಟಿಪಿಸಿ ಸಾಗ್ರಾಸ್‌ನ 17ನೆಯ ಹೋಲ್, ವಿನ್ಯಾಸ ನಿರ್ಮಾಣದ ಸ್ಥಳದಲ್ಲೇ ರೂಪುಗೊಳ್ಳುವುದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಒಳ್ಳೆಯ ಮರಳು ಸಿಕ್ಕಿತೆಂದು ಬೇರೆಡೆಯ ಬಳಕೆಗಾಗಿ ತೋಡುತ್ತ ಹೋದಂತೆ ದೊಡ್ಡ ಗುಂಡಿಯೇ ಉಳಿಯಿತು. ಪೀಟ್ ಡೈ ಅವರ ಪತ್ನಿ ಆಲಿಸ್ ಡೈ ಅದಕ್ಕೆ ನೀರು ತುಂಬಿಸಿ ಗ್ರೀನ್ ಅನ್ನು ನಡುಗಡ್ಡೆಯಾಗಿ ಮಾಡುವ ಸಲಹೆ ಕೊಟ್ಟರು. 1980ರಲ್ಲಿ ತೆರೆದ ಆ ಮೈದಾನದ ಗುರುತೇ ಇಂದು ಆ ಗ್ರೀನ್.

ಗ್ರೀನ್‌ನ ಒಡಲನ್ನು ಕಟ್ಟುವಾಗ ಪಕ್ಕದಲ್ಲಿದ್ದು ನೋಡಲೇಬೇಕು. ಅಮೆರಿಕದ ಗಾಲ್ಫ್ ಸಂಘವು 1960ರಲ್ಲಿ ಪ್ರಕಟಿಸಿದ ಕ್ರಮದ ಪ್ರಕಾರ, ಕೆಳಗೆ ಬಸಿಗಾಲುವೆಯ ಪೈಪು, ಅದರ ಮೇಲೆ ಸುಮಾರು 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ ಸುಮಾರು 30 ಸೆಂಟಿಮೀಟರ್ ಮರಳುಪ್ರಧಾನ ಮಿಶ್ರಣ ಬರುತ್ತದೆ. ಮರಳಿನ ಕಣಗಳ ಗಾತ್ರ ತಪ್ಪಿದರೆ ಹುಲ್ಲಿನ ಬೇರು ಉಸಿರುಗಟ್ಟುತ್ತದೆ.

ಭಾರತದಲ್ಲಿ ಕೆಲಸ ಮಾಡುವವರು ಕಾನೂನಿನ ಒಂದು ಅಂಶವನ್ನೂ ಗಮನಿಸಬೇಕು. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದವರು ‘ಆರ್ಕಿಟೆಕ್ಟ್’ ಎಂಬ ಬಿರುದನ್ನು ಬಳಸುವಂತಿಲ್ಲ. ಅಂಥವರು ‘ಗಾಲ್ಫ್ ಕೋರ್ಸ್ ಡಿಸೈನರ್’ ಎಂದು ಬರೆದುಕೊಳ್ಳುವುದು ಒಳಿತು. ಕಾನೂನಿಗಿಂತ ಭಾರವಾದ ಪ್ರಶ್ನೆ ನೀರಿನದು. ಬೆಂಗಳೂರಿನಲ್ಲಿ ಪೀಟರ್ ಥಾಮ್ಸನ್ ವಿನ್ಯಾಸಗೊಳಿಸಿದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನವಿರುವುದು ಹಿಂದೆ ಚಲ್ಲಘಟ್ಟ ಕೆರೆಯಿದ್ದ ನೆಲದಲ್ಲಿ. ಇಂದಿನ ವಿನ್ಯಾಸಕರು ಕೆರೆಯಂಗಳವನ್ನೂ ರಾಜಕಾಲುವೆಯನ್ನೂ ಮುಟ್ಟದೆ, ಕೊಳವೆಬಾವಿಯ ಬದಲು ಶುದ್ಧೀಕರಿಸಿದ ತ್ಯಾಜ್ಯನೀರನ್ನು ನೆಚ್ಚಿ ಯೋಜನೆ ಹಾಕಬೇಕು. ಆ ಲೆಕ್ಕ ಕೊಡಲಾಗದಿದ್ದರೆ ಆ ಕೆಲಸವನ್ನು ಒಪ್ಪಿಕೊಳ್ಳಬಾರದೆಂದೇ ನಾನು ಹೇಳುತ್ತೇನೆ.

ಸ್ವಂತ ಹೆಸರಿನಲ್ಲಿ ಮೊದಲ ಕೆಲಸ ಸಿಕ್ಕಾಗ, ಅದು ನಾಲ್ಕು ಮರಳುಗುಂಡಿಗಳ, ಅಂದರೆ ಬಂಕರ್‌ಗಳ ದುರಸ್ತಿಯೇ ಆಗಿದ್ದರೂ, ಒಪ್ಪಂದದಲ್ಲಿ ಮುಂಗಾರಿನ ನಂತರದ ಒಂದು ಭೇಟಿಯನ್ನು ಸೇರಿಸಿಕೊಳ್ಳಿ. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ಬೂಟು ತೊಟ್ಟು ಹೋಗಿ, ನೀರು ನಿಂತ ಜಾಗಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಗುರುತು ಹಾಕಿಕೊಂಡು ಬನ್ನಿ.