ಹಾಸ್ಟೈಲ್ (hostile) ಅನ್ನೋ ಇಂಗ್ಲಿಷ್ ಪದ ಎಲ್ಲಿ ಹಾಕ್ಬೇಕು, ಎಲ್ಲಿ ಬೇಡ

ಸ್ವಲ್ಪ ರೇಗಿದವರನ್ನೂ ಹಾಸ್ಟೈಲ್ ಅಂದ್ಬಿಡೋದು ಈಗ ಜಾಸ್ತಿ ಆಗಿದೆ, ಅದು ಸರಿಯಲ್ಲ. ರೇಗಿದವರಿಗೆ ಆಂಗ್ರಿ ಸಾಕು, ಸಿಟ್ಟು ಬರುತ್ತೆ, ಇಳಿದೂ ಹೋಗುತ್ತೆ. ಹಾಸ್ಟೈಲ್ ಅಂದ್ರೆ ಹಗೆತನದ, ವಿರೋಧ ಕಟ್ಕೊಂಡ ಅಂತ. ನೀವು ಏನು ಹೇಳಿದ್ರೂ ಕೇಳೋ ಮೊದಲೇ ಬೇಡ ಅಂತ ತೀರ್ಮಾನ ಮಾಡ್ಕೊಂಡು ಕೂತಿರ್ತಾರಲ್ಲ, ಒಂದು ಮಾತೂ ಜೋರಾಗಿ ಆಡಿರಲ್ಲ, ಆದ್ರೂ ಅವರು ಹಾಸ್ಟೈಲೇ. ಅಗ್ರೆಸಿವ್ ಅನ್ನೋಕೆ ಮೈಮೇಲೆ ಏರಿ ಬರೋ ವರ್ತನೆ ಇರ್ಬೇಕು, ಇದಕ್ಕೆ ಅದು ಬೇಕಿಲ್ಲ, ಬರೀ ಒಂದು ನೋಟನೂ ಹಾಸ್ಟೈಲ್ ಆಗಿರಬಹುದು.

ವಾಕ್ಯದಲ್ಲಿ ಬಳಸುವಾಗ ಹೆಚ್ಚಿನವರು ಎಡವೋದು ಮುಂದಿನ ಪದದಲ್ಲಿ. ಯಾರದೋ ಜೊತೆ ಜಗಳ ಅಂತೀವಲ್ಲ, ಅದೇ ಗುಂಗಲ್ಲಿ 'ಹಾಸ್ಟೈಲ್ ವಿತ್ ಮಿ' ಅಂತ ಬರೀತಾರೆ. ಟು ಇಲ್ಲಾ ಟುವರ್ಡ್ಸ್ ಹಾಕಿ: 'ಶಿ ವಾಸ್ ಹಾಸ್ಟೈಲ್ ಟು ದಿ ಐಡಿಯಾ', 'ಹಿ ವಾಸ್ ಹಾಸ್ಟೈಲ್ ಟುವರ್ಡ್ಸ್ ಮಿ'. ಇನ್ನು ಉಚ್ಚಾರ, ಬ್ರಿಟಿಷರು ಹಾಸ್ಟೈಲ್ ಅಂತಾರೆ, ಅಮೆರಿಕನ್ನರ ಬಾಯಲ್ಲಿ ಹೆಚ್ಚಾಗಿ ಹಾಸ್ಟಲ್ ಅಂತಲೇ ಕೇಳಿಸುತ್ತೆ, ವಸತಿ ನಿಲಯ ಅಂದ್ಕೊಂಡು ಗೊಂದಲ ಮಾಡ್ಕೋಬೇಡಿ.

ಕೋರ್ಟ್ ಸುದ್ದಿ ಓದೋರು ಇದನ್ನ ಗಮನವಿಟ್ಟು ತಿಳ್ಕೊಳ್ಳಿ. ಹಾಸ್ಟೈಲ್ ವಿಟ್ನೆಸ್, ಅಂದ್ರೆ ಪ್ರತಿಕೂಲ ಸಾಕ್ಷಿ, ಕಟಕಟೇಲಿ ಕೂಗಾಡೋ ವ್ಯಕ್ತಿ ಅಲ್ಲ. ಪೊಲೀಸರ ಮುಂದೆ 'ನಾನು ಕಣ್ಣಾರೆ ನೋಡ್ದೆ' ಅಂದವನು ಕೋರ್ಟಲ್ಲಿ ತುಂಬಾ ವಿನಯವಾಗಿ 'ನಂಗೇನೂ ಗೊತ್ತಿಲ್ಲ ಸ್ವಾಮಿ' ಅಂತಾನೆ, ಆಗ ಅವನನ್ನ ಕರೆಸಿದ ವಕೀಲರೇ ನ್ಯಾಯಾಧೀಶರ ಅನುಮತಿ ತಗೊಂಡು ಅವನಿಗೆ ಪಾಟೀಸವಾಲು ಹಾಕಬಹುದು, ಸಾಮಾನ್ಯವಾಗಿ ತಾವು ಕರೆಸಿದ ಸಾಕ್ಷಿಗೆ ಹಾಗೆ ಕೇಳೋ ಹಾಗಿಲ್ಲ. ಪೇಪರಲ್ಲಿ 'ಟರ್ನ್ಡ್ ಹಾಸ್ಟೈಲ್' ಅಂತ ಬರೋದು ಇದನ್ನೇ.

ವ್ಯವಹಾರದಲ್ಲಿ ಹಾಸ್ಟೈಲ್ ಟೇಕೋವರ್ ಅಂತ ಇದೆ. ಕಂಪನಿಯ ಆಡಳಿತ ಮಂಡಳಿ ಬೇಡ ಅಂದ್ರೂ ನೇರ ಷೇರುದಾರರ ಹತ್ರ ಹೋಗಿ ಷೇರು ಕೊಳ್ಳೋ ಪ್ರಯತ್ನ ಅದು. 2006ರ ಜನವರೀಲಿ ಮಿತ್ತಲ್ ಸ್ಟೀಲ್ ಯುರೋಪಿನ ಉಕ್ಕು ಕಂಪನಿ ಆರ್ಸೆಲರ್‌ಗೆ ಕೈ ಹಾಕಿದಾಗ ಹೀಗೇ ಆಯ್ತು, ಬೆಲೆ ಏರಿಸಿದ ಮೇಲೆ ಜೂನಲ್ಲಿ ಮಂಡಳಿನೇ ಒಪ್ಕೊಳ್ತು.

ಮರುಭೂಮಿ, ಧ್ರುವಪ್ರದೇಶದ ಬಗ್ಗೆ ಹಾಸ್ಟೈಲ್ ಅಂದ್ರೆ ಅಲ್ಲಿ ಹಗೆ ಏನಿಲ್ಲ, ಬದುಕೋಕೆ ಕಷ್ಟ ಅಂತ ಅಷ್ಟೇ.

ನಾಮಪದ ಹಾಸ್ಟಿಲಿಟಿ. ಬಹುವಚನ ಬಳಸುವಾಗ ಮಾತ್ರ ಹುಷಾರು, ಹಾಸ್ಟಿಲಿಟೀಸ್ ಅಂದ್ರೆ ಸಾಮಾನ್ಯವಾಗಿ ಯುದ್ಧದ ಕಾದಾಟ, ಹಾಗಾಗಿ ಇಬ್ಬರು ಸಹೋದ್ಯೋಗಿಗಳ ಮನಸ್ತಾಪಕ್ಕೆ ಏಕವಚನವೇ ಸಾಕು.